ಹೊರೆ ಹೊತ್ತ ಗೋಣು



ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನಲ್ಲಿ, ಬಯಲುಸೀಮೆಯ ಕರಿನೆಲವು ಮುಗಿಯುತ್ತ ಮಲೆನಾಡಿನ ನೆರಳು ತೊಡಗುವ ಎಡೆಯಲ್ಲಿ, ಬಸವಣ್ಣನ ಗುಡಿಯಿಂದ ಸುತ್ತಲಿನವರಿಗೆಲ್ಲ ಪರಿಚಿತವಾದ ತಂಬೂರವೆಂಬ ಗ್ರಾಮವುಂಟು. ಅಲ್ಲಿಯೂ, ಅಂಥ ನೂರಾರು ಊರುಗಳಲ್ಲಿಯೂ, ಹಳೆಯ ಸೀರೆಯ ತುಂಡನ್ನು ಸುತ್ತಿ ಮಾಡಿದ ಸಿಂಬಿಯನ್ನು ನೆತ್ತಿಯ ಮೇಲಿಟ್ಟುಕೊಂಡು, ಅದರ ಮೇಲೆ ತುಂಬಿದ ಕೊಡವನ್ನೇರಿಸಿ, ಟೊಂಕದ ಮೇಲೆ ಮತ್ತೊಂದನ್ನಿರಿಸಿ, ತಲೆಯ ಕೊಡಕ್ಕೆ ಕೈಯ ಆಸರೆಯನ್ನೂ ಕೊಡದೆ, ನೀರು ತುಳುಕದಂತೆ ನಡೆದು ಬರುವ ಹೆಣ್ಣುಮಗಳನ್ನು ಕಂಡು ಮೆಚ್ಚದವರಾರು? ಚಿತ್ರಕಾರರು ಅವಳನ್ನು ಚಿತ್ರಿಸಿದರು, ಕವಿಗಳು ವರ್ಣಿಸಿದರು. ಆದರೆ ಆ ಕೊಡದ ಅಡಿಯಲ್ಲಿ, ಆ ಸಿಂಬಿಯ ಅಡಿಯಲ್ಲಿ, ಆಕೆಯ ಗೋಣಿನೊಳಗಿನ ಏಳು ಸಣ್ಣ ಎಲುಬುಗಳಿಗೆ ವರ್ಷದಿಂದ ವರ್ಷಕ್ಕೆ ಏನಾಗುತ್ತಿರುವುದೆಂದು ಕೇಳಿದವರು ಲೋಕದಲ್ಲಿ ಬಹಳ ತಡವಾಗಿ ಬಂದರು. ಆ ಪ್ರಶ್ನೆಯು ಹುಟ್ಟಿ ಬೆಳೆದು ಬಂದ ಬಗೆಯನ್ನು ಈ ಹೊತ್ತು ತಮ್ಮ ಮುಂದೆ ನಿವೇದಿಸಬೇಕೆಂದಿರುವೆನು.

ನಮ್ಮ ಕಡೆಯ ಹಿರಿಯರು ವೈದ್ಯರ ಮುಂದೆ ಕುಳಿತು ಹೇಳುವ ಮಾತುಗಳು ಮೂರು ನಾಲ್ಕೇ. "ಗೋಣು ಹೊಳ್ಳವಲ್ತ್ರೀ" ಎಂಬುದೊಂದು. "ಕೈ ಜೋಮು ಹಿಡೀತೈತಿ" ಎಂಬುದು ಇನ್ನೊಂದು. ಕ್ಷಕಿರಣದ ಚಿತ್ರವನ್ನು ತೆಗೆಸಿಕೊಂಡು ಬಂದ ಮೇಲೆ "ಎಲುಬು ಸವದೈತಂತ" ಎಂಬುದು ಮತ್ತೊಂದು. ಪೇಟೆಯವರಾದರೋ ಇದನ್ನೇ "ಸ್ಪಾಂಡಿಲೈಟಿಸ್" ಎನ್ನುವರು. ಹೆಸರಿನಲ್ಲಿಯೇ ಒಂದು ತಪ್ಪು ಹೊಕ್ಕಿದೆ. ಸ್ಪಾಂಡಿಲೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಬೆನ್ನುಮೂಳೆಯ ಮಣಿ. ಅದಕ್ಕೆ "ಐಟಿಸ್" ಎಂಬ ಪ್ರತ್ಯಯವು ಸೇರಿದರೆ ಉರಿಯೂತವೆಂಬ ಅರ್ಥ ಬರುವುದು. ವಯಸ್ಸಿನೊಡನೆ ಬರುವ ಮಾರ್ಪಾಟಿಗೆ ಉರಿಯೂತವು ಮೂಲವಲ್ಲವಾದ ಕಾರಣ ಶಾಸ್ತ್ರಜ್ಞರು ಅದನ್ನು "ಸ್ಪಾಂಡಿಲೋಸಿಸ್" ಎಂದೇ ಕರೆಯುವರು. ಒಂದೆರಡಕ್ಷರದ ಭೇದವೆಂದು ಇದನ್ನು ಕಡೆಗಣಿಸಲಾಗದು. ರೋಗವೆಂದು ಹೆದರಬೇಕಾದುದು ಯಾವುದು, ವಯಸ್ಸೆಂದು ಒಪ್ಪಿಕೊಳ್ಳಬೇಕಾದುದು ಯಾವುದು ಎಂಬ ವಿವೇಕವೇ ಈ ಇಡೀ ಚರಿತ್ರೆಯ ತಿರುಳು.

ಮೊದಲು ಆ ಏಳು ಎಲುಬುಗಳ ಮಾತು. ಮನುಷ್ಯನಿಗೆ ಕುತ್ತಿಗೆಯಲ್ಲಿ ಏಳು ಮಣಿಗಳು. ಗಳೆ ಎಳೆಯುವ ಎತ್ತಿಗೂ ಏಳೇ, ಕಣಜದೊಳಗಿನ ಇಲಿಗೂ ಏಳೇ, ಜಿರಾಫೆಗೂ ಏಳೇ. ಮೇಲಿನ ಎರಡು ಮಣಿಗಳು ತಲೆಯನ್ನು ಹೊರುವುದಕ್ಕೂ ತಿರುಗಿಸುವುದಕ್ಕೂ ವಿಶೇಷವಾಗಿ ರೂಪುಗೊಂಡಿವೆ. ಅವೆರಡರ ನಡುವೆ ಮೆತ್ತೆಯಿಲ್ಲ. ಎರಡನೆಯ ಮಣಿಯಿಂದ ಕೆಳಗೆ ಪ್ರತಿಯೊಂದರ ನಡುವೆಯೂ ಒಂದೊಂದು ಮೆತ್ತನೆಯ ಬಿಲ್ಲೆಯಿದ್ದು, ಅದರ ಹೊರಸುತ್ತು ಗಟ್ಟಿನಾರಿನಿಂದಲೂ ಒಳತಿರುಳು ಬಹುಮಟ್ಟಿಗೆ ನೀರಿನಿಂದಲೂ ಆಗಿರುವುದು. ಪ್ರಾಯ ತುಂಬಿದ ದೇಹದಲ್ಲಿ ಈ ಬಿಲ್ಲೆಯೊಳಗೆ ರಕ್ತನಾಳಗಳು ಇಲ್ಲವೆಂದೇ ಹೇಳಬಹುದು. ಮೇಲುಕೆಳಗಿನ ಎಲುಬುಗಳಿಂದ ಜಿನುಗಿ ಬಂದ ರಸವನ್ನೇ ಹೀರಿಕೊಂಡು ಅದು ಬದುಕಬೇಕು. ಆದುದರಿಂದಲೇ ದೇಹದ ಬಹುಪಾಲು ಅಂಗಗಳಿಗಿಂತ ಮೊದಲು ಮುಪ್ಪು ಬರುವುದು ಈ ಬಿಲ್ಲೆಗೆ. ನೀರಾರಿ ಅದು ತೆಳ್ಳಗಾಗುವುದು. ಮಣಿಗಳು ಒಂದಕ್ಕೊಂದು ಸಮೀಪಿಸುವುವು. ಅಂಚಿನಲ್ಲಿ ಬಿದ್ದ ಹೆಚ್ಚಿನ ಒತ್ತಡಕ್ಕೆ ಉತ್ತರವೆಂಬಂತೆ ಎಲುಬು ತಾನೇ ಮುಂದೆ ಚಾಚಿ ತುಟಿಯಂತೆ ಬೆಳೆಯುವುದು. ನಾವು "ಎಲುಬು ಸವೆದಿದೆ" ಎನ್ನುವೆವು. ನಿಜವಾಗಿ ಸವೆದುದು ಮೆತ್ತೆ, ಎಲುಬು ಅಂಚಿನಲ್ಲಿ ಬೆಳೆದಿದೆ. ಈ ಬೆಳವಣಿಗೆ ಐದನೆಯ ಮತ್ತು ಆರನೆಯ ಮಣಿಗಳ ನಡುವೆಯೂ, ಆರನೆಯ ಮತ್ತು ಏಳನೆಯವುಗಳ ನಡುವೆಯೂ ಅತ್ಯಧಿಕ. ಏಕೆಂದರೆ ಕುತ್ತಿಗೆಯು ಹಿಂದಕ್ಕೂ ಮುಂದಕ್ಕೂ ಬಾಗುವಾಗ ಹೆಚ್ಚಿನ ದುಡಿಮೆ ಅಲ್ಲಿಯೇ ಆಗುವುದು.

ಪ್ರಾಚೀನರು ಇದನ್ನೆಷ್ಟು ಕಂಡಿದ್ದರು? 1862ರಲ್ಲಿ ಎಡ್ವಿನ್ ಸ್ಮಿತ್ ಎಂಬಾತನು ಈಜಿಪ್ಟಿನ ಲಕ್ಸಾರಿನಲ್ಲಿ ಕೊಂಡ ಒಂದು ಪುರಾತನ ಸುರುಳಿಯನ್ನು 1930ರಲ್ಲಿ ಬ್ರೆಸ್ಟೆಡ್ ಎಂಬ ವಿದ್ವಾಂಸರು ಅನುವಾದಿಸಿ ಪ್ರಕಟಿಸಿದಾಗ, ಕ್ರಿಸ್ತಪೂರ್ವ ಹದಿನೇಳನೆಯ ಶತಮಾನದ ಸುಮಾರಿನ ಆ ಬರಹದಲ್ಲಿ 48 ರೋಗಿಗಳ ವೃತ್ತಾಂತವಿರುವುದು ಲೋಕಕ್ಕೆ ತಿಳಿಯಿತು. ಅವರಲ್ಲೊಬ್ಬನ ಕುತ್ತಿಗೆಯ ಮಣಿ ಜಾರಿ, ಕೈಕಾಲುಗಳ ಅರಿವೇ ಅವನಿಗಿಲ್ಲದಂತಾಗಿದೆ; ಇದು ಚಿಕಿತ್ಸೆಗೆ ಒಳಪಡದ ವ್ಯಾಧಿಯೆಂದು ವೈದ್ಯನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ಗೋಣಿಗೆ ಪೆಟ್ಟಾದರೆ ಕಾಲು ಬೀಳುವುದೆಂಬ ಸಂಬಂಧವನ್ನು ಅಷ್ಟು ಹಿಂದೆಯೇ ಒಬ್ಬ ಮನುಷ್ಯನು ಗುರುತಿಸಿದ್ದನು.

ನಮ್ಮ ದೇಶದ ಸಂಹಿತೆಗಳ ವಿಷಯವನ್ನು ಕೊಂಚ ಸಾವಧಾನವಾಗಿ ಹೇಳಬೇಕು. ಚರಕನು ದೇಹದಲ್ಲಿ 360 ಅಸ್ಥಿಗಳೆಂದೂ ಅವುಗಳಲ್ಲಿ ಗ್ರೀವೆಯವು 15 ಎಂದೂ ಎಣಿಸಿದರೆ, ಸುಶ್ರುತನು ಒಟ್ಟು 300 ಎಂದೂ ಗ್ರೀವೆಯವು 9 ಎಂದೂ ಹೇಳುವನು. ಸುಶ್ರುತನ ಎಣಿಕೆ ಬರಿಯ ಊಹೆಯದಲ್ಲ. ಶವವನ್ನು ಹುಲ್ಲುನಾರುಗಳಿಂದ ಸುತ್ತಿ, ಪಂಜರದೊಳಗಿರಿಸಿ, ಹರಿಯುವ ನೀರಿನಲ್ಲಿ ಏಳು ರಾತ್ರಿಗಳು ನೆನೆಯಿಸಿ, ಬಳಿಕ ಮೆಲ್ಲಗೆ ಉಜ್ಜುತ್ತ ಪದರಪದರವಾಗಿ ಕಣ್ಣಾರೆ ನೋಡಬೇಕೆಂದು ಶಾರೀರಸ್ಥಾನದಲ್ಲಿ ವಿಧಿಸಿದವನು ಅವನೇ. ಎಣಿಕೆಯು ಇಂದಿನ ಏಳಕ್ಕೆ ಹೊಂದದಿದ್ದರೂ ನೋಡುವ ಹಂಬಲವು ಪ್ರಾಮಾಣಿಕವಾದುದು. ಅದಕ್ಕಿಂತಲೂ ನನ್ನನ್ನು ಬೆರಗುಗೊಳಿಸುವುದು ವಾತವ್ಯಾಧಿಗಳ ಪ್ರಕರಣದಲ್ಲಿ ಬರುವ ಮನ್ಯಾಸ್ತಂಭದ ವಿವರಣೆ. ಕುತ್ತಿಗೆಯು ಸೆಟೆದು ನಿಲ್ಲುವ ಈ ವ್ಯಾಧಿಗೆ ಹಗಲುನಿದ್ದೆ, ಕೂರುವ ನಿಲ್ಲುವ ವಕ್ರಭಂಗಿ, ಮೇಲಕ್ಕೆ ಕತ್ತೆತ್ತಿ ನೋಡುತ್ತಿರುವುದು ಎಂಬಿವನ್ನು ಸುಶ್ರುತನು ಕಾರಣಗಳೆಂದು ಹೇಳಿ, ಕಫದಿಂದ ಆವೃತವಾದ ವಾತವು ಇದನ್ನುಂಟುಮಾಡುವುದೆನ್ನುವನು. ಭುಜದಿಂದ ಬೆರಳುಗಳವರೆಗಿನ ಕಂಡರಗಳು, ಅಂದರೆ ಸ್ನಾಯುರಜ್ಜುಗಳು, ಕೆಟ್ಟು ತೋಳಿನ ಕೆಲಸವೇ ನಿಲ್ಲುವ ವಿಶ್ವಾಚಿಯೆಂಬುದನ್ನು ಬೇರೆಯಾಗಿ ಹೇಳುವನು. ಕುತ್ತಿಗೆಯ ಬಿಗಿತವೂ ತೋಳಿನ ಜೋಮೂ ಒಂದೇ ಮೂಲದಿಂದ ಹೊರಡಬಹುದೆಂಬ ಎಳೆಯೊಂದು ಮಾತ್ರ ಅಲ್ಲಿ ಕೂಡಿರಲಿಲ್ಲ. ದೋಷಗಳ ಸಿದ್ಧಾಂತದಲ್ಲಿ ನಂಬಿಕೆಯಿಲ್ಲದವರೂ ಆ ಕಾರಣಗಳ ಪಟ್ಟಿಯನ್ನು ಓದಿದರೆ, ಅದನ್ನು ಬರೆದವನು ರೋಗಿಗಳ ಪಕ್ಕದಲ್ಲಿ ಕುಳಿತು ಅವರ ಮಾತನ್ನು ಕೇಳಿದವನೆಂದು ಒಪ್ಪದೆ ಇರಲಾರರು.

ಯುರೋಪಿನಲ್ಲಿ ಪ್ರಾಚೀನ ವೈದ್ಯನಾದ ಗ್ಯಾಲೆನನು ಪ್ರಾಣಿಗಳ ಬೆನ್ನುಹುರಿಯನ್ನು ಬೇರೆಬೇರೆ ಮಟ್ಟಗಳಲ್ಲಿ ಕತ್ತರಿಸಿ ಯಾವ ಮಟ್ಟದಲ್ಲಿ ಯಾವ ಶಕ್ತಿ ಲೋಪವಾಗುವುದೆಂದು ತೋರಿಸಿದುದೂ, 1543ರಲ್ಲಿ ಅಂಗರಚನಾಶಾಸ್ತ್ರಜ್ಞನಾದ ವೆಸಾಲಿಯಸನು ಮಣಿಗಳನ್ನೂ ಬಿಲ್ಲೆಗಳನ್ನೂ ಯಥಾವತ್ತಾಗಿ ಚಿತ್ರಿಸಿದುದೂ, 1858ರಲ್ಲಿ ಲುಷ್ಕಾ ಎಂಬ ಜರ್ಮನ್ ಪಂಡಿತನು ಕುತ್ತಿಗೆಯ ಮಣಿಗಳ ಪಾರ್ಶ್ವದಲ್ಲಿರುವ ಸಣ್ಣ ಅರೆಸಂಧಿಗಳನ್ನು ವರ್ಣಿಸಿದುದೂ ಮುಖ್ಯ ಹೆಜ್ಜೆಗಳೇ. ಆದರೆ ಇವರು ಕಂಡುದು ಅಂಗದ ರಚನೆಯನ್ನು; ಅದರ ಮುಪ್ಪನ್ನಲ್ಲ. 1895ರಲ್ಲಿ ರೋಂಟ್ಜೆನನು ಕ್ಷಕಿರಣವನ್ನು ಕಂಡುಹಿಡಿದ ಮೇಲೆಯೇ, ಬದುಕಿರುವ ಮನುಷ್ಯನ ಗೋಣಿನೊಳಗನ್ನು ಚರ್ಮ ಸೀಳದೆ ನೋಡುವುದು ಸಾಧ್ಯವಾಯಿತು.

ನೋಡುವುದು ಸಾಧ್ಯವಾದೊಡನೆ ತಿಳಿಯುವುದೂ ಸಾಧ್ಯವಾಯಿತೆಂದಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ನಡೆದ ಒಂದು ದೊಡ್ಡ ತಪ್ಪನ್ನು ಇಲ್ಲಿ ಹೇಳಲೇಬೇಕು. ಕೈಕಾಲು ಬಲಗುಂದಿದ ಕೆಲವರ ಕುತ್ತಿಗೆಯನ್ನು ತೆರೆದ ಶಸ್ತ್ರವೈದ್ಯರಿಗೆ ಬೆನ್ನುಹುರಿಯ ಮುಂಭಾಗದಲ್ಲಿ ಗಟ್ಟಿಯಾದ, ಮೃದ್ವಸ್ಥಿಯಂತಹ ಗಂಟೊಂದು ಒತ್ತಿಕೊಂಡಿರುವುದು ಕಾಣುತ್ತಿತ್ತು. ಅದನ್ನು ಅವರು ಕಾಂಡ್ರೋಮಾ, ಅರ್ಥಾತ್ ಮೃದ್ವಸ್ಥಿಯ ಗಡ್ಡೆ, ಎಂದು ಬಗೆದರು. 1928ರಲ್ಲಿ ಅಮೆರಿಕೆಯ ಸ್ಟೂಕಿ ಎಂಬವರು ಆ "ಗಡ್ಡೆ"ಗಳು ಬೆನ್ನುಹುರಿಯನ್ನು ಒತ್ತುವ ಬಗೆಗಳನ್ನು ಬಲು ಸೂಕ್ಷ್ಮವಾಗಿ ವಿಂಗಡಿಸಿ ಬರೆದರು. ವರ್ಣನೆಯು ನಿಷ್ಕೃಷ್ಟ, ಹೆಸರು ಮಾತ್ರ ತಪ್ಪು. ಅದೇ ಕಾಲದಲ್ಲಿ ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಶ್ಮೋರ್ಲ್ ಎಂಬ ರೋಗಶಾಸ್ತ್ರಜ್ಞರು ಸತ್ತವರ ಬೆನ್ನುಮೂಳೆಗಳನ್ನು ಸಾವಿರಗಟ್ಟಲೆ ಸೀಳಿ ನೋಡುತ್ತ, ವಯಸ್ಸಿನೊಡನೆ ಬಿಲ್ಲೆಗಳು ಒಣಗುವುದನ್ನೂ ಬಿರಿಯುವುದನ್ನೂ ದಾಖಲಿಸುತ್ತಿದ್ದರು. 1932ರಲ್ಲಿ ಯುಂಗ್‌ಹಾನ್ಸರೊಡನೆ ಅವರು ಪ್ರಕಟಿಸಿದ ಗ್ರಂಥವು ಈ ವಿಷಯಕ್ಕೆ ಅಡಿಗಲ್ಲು. 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬಿಬ್ಬರು ಆ "ಗಡ್ಡೆ"ಗಳಲ್ಲಿ ಬಹುಪಾಲು ಹೊರಬಿದ್ದ ಬಿಲ್ಲೆಯ ತಿರುಳೇ ಎಂದು ಸಾರಿದರು. ಗಡ್ಡೆಯೆಂದು ಹೆದರಿದ್ದು ದೇಹದ್ದೇ ಮೆತ್ತೆಯಾಗಿತ್ತು!

ಆದರೂ ತೊಡಕು ಮುಗಿಯಲಿಲ್ಲ. ಒಮ್ಮೆಲೇ ಸಿಡಿದು ಹೊರಬಿದ್ದ ಮೆತ್ತನೆಯ ಬಿಲ್ಲೆ ಬೇರೆ, ಹತ್ತಾರು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಬೆಳೆದ ಎಲುಬಿನ ತುಟಿ ಬೇರೆ, ಇವೆರಡನ್ನೂ ಒಂದೇ ಎಂದೆಣಿಸಬಾರದೆಂದು ಲಂಡನ್ನಿನ ನರರೋಗತಜ್ಞ ಸರ್ ರಸೆಲ್ ಬ್ರೇನ್ ಅವರು 1948ರಲ್ಲಿ ವಿವೇಚಿಸಿ, 1952ರಲ್ಲಿ ನಾರ್ತ್‌ಫೀಲ್ಡ್ ಮತ್ತು ವಿಲ್ಕಿನ್ಸನ್ ಎಂಬವರೊಡನೆ ವಿಸ್ತಾರವಾದ ಪ್ರಬಂಧವನ್ನು ಬರೆದರು. ಸರ್ವೈಕಲ್ ಸ್ಪಾಂಡಿಲೋಸಿಸ್ ಎಂಬುದು ತನ್ನದೇ ಲಕ್ಷಣಗಳುಳ್ಳ ಸ್ಥಿತಿಯೆಂದು ವೈದ್ಯಲೋಕದಲ್ಲಿ ನೆಲೆಗೊಂಡುದು ಆ ಬರಹದಿಂದ. ಅದಕ್ಕೆ ಎರಡು ವರ್ಷ ಹಿಂದೆ, 1950ರ ಜನವರಿ 8ರಂದು, ಧಾರವಾಡದ ಆಕಾಶವಾಣಿಯು ಪ್ರಸಾರವನ್ನಾರಂಭಿಸಿತ್ತು. ಅಂದು ಆ ದನಿಯನ್ನು ಕೇಳಿದ ನಮ್ಮ ಹಿರಿಯರ ಗೋಣುನೋವಿಗೆ ಶಾಸ್ತ್ರದಲ್ಲಿ ಇನ್ನೂ ಸರಿಯಾದ ಸ್ಥಾನವಿರಲಿಲ್ಲವೆಂಬುದನ್ನು ನೆನೆದರೆ ಈ ಜ್ಞಾನವೆಷ್ಟು ಹೊಸದೆಂದು ತಿಳಿಯುವುದು.

ಇನ್ನು ಬರುವುದು ನನಗೆ ಅತ್ಯಂತ ಪ್ರಿಯವಾದ ಘಟ್ಟ. 1954ರಲ್ಲಿ ಪ್ಯಾಲಿಸ್, ಜೋನ್ಸ್, ಸ್ಪಿಲ್ಲೇನ್ ಎಂಬ ಮೂವರು ವೈದ್ಯರು, ಅವರಲ್ಲಿ ಪ್ಯಾಲಿಸ್ ಅವರು ನಮ್ಮ ಮುಂಬಯಿಯಲ್ಲಿಯೇ ಜನಿಸಿದವರು, ಬೇರೆ ಕಾಯಿಲೆಗಳಿಗೆಂದು ಆಸ್ಪತ್ರೆ ಸೇರಿದ್ದ 50 ವರ್ಷ ಮೀರಿದ 50 ಮಂದಿಯ ಕುತ್ತಿಗೆಗಳನ್ನು ಪರೀಕ್ಷಿಸಿದರು. ಗೋಣಿನ ದೂರನ್ನು ಹೇಳಿಕೊಂಡು ಬರದ ಅವರಲ್ಲಿಯೂ ಬಹುಮಂದಿಯ ಕ್ಷಕಿರಣದ ಚಿತ್ರಗಳಲ್ಲಿ ಅವೇ ಗುರುತುಗಳು! ಮುಂದೆ ಕಾಂತಕ್ಷೇತ್ರದಿಂದ ಚಿತ್ರ ತೆಗೆಯುವ ಎಂ.ಆರ್.ಐ. ಬಂದಾಗ, 1990ರಲ್ಲಿ ಬೋಡೆನ್ ಮತ್ತು ಸಂಗಡಿಗರು ಯಾವ ನೋವೂ ಇಲ್ಲದ 63 ಮಂದಿಯನ್ನು ನೋಡಿದರು: ನಲವತ್ತು ದಾಟದವರಲ್ಲಿಯೇ ನಾಲ್ವರಲ್ಲೊಬ್ಬರಿಗೆ, ದಾಟಿದವರಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಬಿಲ್ಲೆ ಕ್ಷೀಣಿಸಿತ್ತು. 1998ರಲ್ಲಿ ಜಪಾನಿನ ಮಾಟ್ಸುಮೋಟೋ ಮತ್ತು ಸಂಗಡಿಗರು ನೋವಿಲ್ಲದ 497 ಮಂದಿಯನ್ನು ಪರೀಕ್ಷಿಸಿದಾಗ, ಅರವತ್ತು ದಾಟಿದ ಗಂಡಸರಲ್ಲಿ ನೂರಕ್ಕೆ 86, ಹೆಂಗಸರಲ್ಲಿ 89 ಮಂದಿಗೆ ಈ ಕ್ಷೀಣತೆ ಕಂಡಿತು. ಅಂದಮೇಲೆ ಇದು ತಲೆಗೂದಲು ನರೆಯುವಂತಹುದೇ. ಚಿತ್ರದಲ್ಲಿ ಕಂಡ ಗುರುತನ್ನೇ ರೋಗವೆಂದು ಸಾರಿ, ಅರವತ್ತರ ಮುದುಕಿಗೆ "ನಿನ್ನ ಎಲುಬು ಸವೆದಿದೆ, ಇನ್ನು ಏನೂ ಮಾಡುವಂತಿಲ್ಲ" ಎಂದು ಹೇಳಿ ಕಳುಹಿಸುವುದು ಅವಳಿಗೆ ಮಾಡುವ ಅನ್ಯಾಯವೆಂದು ನಾನು ದೃಢವಾಗಿ ನಂಬಿರುವೆನು. ಹಾಗೆ ಹೇಳಿಸಿಕೊಂಡ ಎಷ್ಟೋ ಮಂದಿ ಗೋಣನ್ನು ಅಲುಗಿಸಲೂ ಅಂಜಿ, ಕುತ್ತಿಗೆಪಟ್ಟಿಯನ್ನು ವರ್ಷಗಟ್ಟಲೆ ಕಟ್ಟಿಕೊಂಡು, ಇದ್ದ ಸ್ನಾಯುಬಲವನ್ನೂ ಕಳೆದುಕೊಳ್ಳುವರು.

ಹಾಗಾದರೆ ಹೊರೆಯ ಪಾತ್ರವೇನು? ಈ ಪ್ರಶ್ನೆಗೆ ಉತ್ತರವು ಹುಟ್ಟಿದ್ದು ಆಫ್ರಿಕಾ ಖಂಡದಲ್ಲಿ. ಇಂದು ಹರಾರೆ ಎನಿಸಿರುವ ನಗರದಲ್ಲಿ ಶಸ್ತ್ರವೈದ್ಯರಾಗಿದ್ದ ಲಾರೆನ್ಸ್ ಲೆವಿ ಎಂಬವರು, ತಲೆಯ ಮೇಲೆ ಭಾರ ಹೊತ್ತು ನಡೆಯುವಾಗ ಗೋಣಿಗೆ ಒಮ್ಮೆಲೇ ಅಪಾಯವಾದವರ ವೃತ್ತಾಂತವನ್ನು 1968ರಲ್ಲಿ ಪ್ರಕಟಿಸಿ, ಅದಕ್ಕೆ "ಹಮಾಲನ ಗೋಣು" ಎಂಬರ್ಥದ ಹೆಸರನ್ನೇ ಇಟ್ಟರು. 1997ರಲ್ಲಿ ಸಿಯೆರಾ ಲಿಯೋನ್ ದೇಶದಲ್ಲಿ ತಲೆಹೊರೆ ಹೊರುವ 35 ಮಂದಿಯನ್ನೂ ಹೊರದ 35 ಮಂದಿಯನ್ನೂ ಹೋಲಿಸಿ ನೋಡಿದಾಗ, ಹೊರುವವರಲ್ಲಿ 31 ಮಂದಿಗೆ, ಹೊರದವರಲ್ಲಿ 8 ಮಂದಿಗೆ ಮಾತ್ರ ಈ ಮಾರ್ಪಾಟು ಕಂಡಿತು. ಕೆಲವೇ ಜನರ ಪರೀಕ್ಷೆಯಾದರೂ ಅಂತರವು ಕಣ್ಣಿಗೆ ಹೊಡೆಯುವಂತಿದೆ. ಮನುಷ್ಯನ ತಲೆಯ ಭಾರವೇ ಸುಮಾರು ಐದು ಕಿಲೋ. ಅದರ ಮೇಲೆ ತುಂಬಿದ ಕೊಡ, ಹಸಿಹುಲ್ಲಿನ ಹೊರೆ, ಕಾಡಿನ ಕಟ್ಟಿಗೆ, ಸುಗ್ಗಿಯ ಬುಟ್ಟಿ. ನಮ್ಮ ರೈತನು ಎತ್ತಿನ ಹೆಗಲು ಬಾತರೆ ನೊಗವನ್ನಿಳಿಸಿ, ಎಣ್ಣೆ ಸವರಿ, ಎರಡು ದಿನ ಗಳೆ ಬಿಡುವನು. ಆ ಕರುಣೆಯು ಅದೇ ಮನೆಯ ಹೆಣ್ಣುಮಗಳ ಗೋಣಿಗೆ ಎಷ್ಟು ಸಲ ದೊರೆತಿದೆ? ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರ ಮಾತೂ ಇದೇ. ಒಬ್ಬ ಪ್ರಾಯಸ್ಥ ಗಂಡಸು ಹೊರಬೇಕಾದ ಭಾರವು 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿಯೇ ಶಿಫಾರಸು ಮಾಡಿದೆ. ಆದಕಾರಣ 2019ರ ಆಗಸ್ಟ್ 15ರಂದು ಸಾರಲಾದ, ಮನೆಮನೆಗೆ ನಲ್ಲಿನೀರು ತರುವ ಜಲಜೀವನ ಯೋಜನೆಯನ್ನು ನಾನು ನೀರು ಪೂರೈಕೆಯ ಲೆಕ್ಕದಲ್ಲಿ ಮಾತ್ರ ನೋಡಲಾರೆ. ನಲ್ಲಿಯಲ್ಲಿ ನೀರು ನಿಜವಾಗಿ ಬಂದ ಮನೆಯಲ್ಲಿ ಸಿಂಬಿಯು ಮೂಲೆ ಸೇರಿದರೆ, ಅದು ಗೋಣಿನ ಆರೋಗ್ಯದ ಚರಿತ್ರೆಗೂ ಸೇರಬೇಕಾದ ಸಂಗತಿ.

ಚಿಕಿತ್ಸೆಯ ಚರಿತ್ರೆಯನ್ನು ಸಂಕ್ಷೇಪಿಸುವೆನು. ಕುತ್ತಿಗೆಯ ಮುಂಭಾಗದಿಂದ ಹೋಗಿ ಕೆಟ್ಟ ಬಿಲ್ಲೆಯನ್ನು ತೆಗೆದು ಎಲುಬನ್ನು ಬೆಸೆಯುವ ಶಸ್ತ್ರವಿಧಾನವನ್ನು ಅಮೆರಿಕೆಯ ರಾಬಿನ್ಸನ್ ಮತ್ತು ಸ್ಮಿತ್ ಎಂಬವರು 1955ರಲ್ಲಿಯೂ, ಹವಾಯಿ ದ್ವೀಪಗಳ ಕ್ಲೋವಾರ್ಡ್ ಎಂಬವರು 1958ರಲ್ಲಿಯೂ ಪ್ರಕಟಿಸಿದರು. ನಮ್ಮ ದೇಶದಲ್ಲಿ ಜೇಕಬ್ ಚಾಂಡಿಯವರು 1949ರಲ್ಲಿ ವೆಲ್ಲೂರಿನಲ್ಲಿ ಮೊದಲ ನರಶಸ್ತ್ರ ವಿಭಾಗವನ್ನು ತೆರೆದರು. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯವು ಹುಟ್ಟಿತು. 1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡಿತು. ತಂಬೂರದವರಿಗೆ ಹುಬ್ಬಳ್ಳಿಯು ಬಸ್ಸಿನ ದಾರಿ. ಆದರೆ ನೋವೆಂದವರಿಗೆಲ್ಲ ಶಸ್ತ್ರವು ಬೇಕಿಲ್ಲ. ಬಹುಪಾಲು ನೋವುಗಳು ಕೊಂಚ ವಿಶ್ರಾಂತಿ, ಕಾವು, ವೈದ್ಯರು ಕೊಟ್ಟ ಔಷಧ, ಕಲಿತವರು ಹೇಳಿಕೊಟ್ಟ ಮೆಲುವಾದ ವ್ಯಾಯಾಮ ಇವುಗಳಿಂದಲೇ ಕೆಲವು ವಾರಗಳಲ್ಲಿ ಇಳಿಯುವುವು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಕ್ಷೌರವಾದ ಮೇಲೆ ತಲೆಯನ್ನು ಹಿಡಿದು ಗೋಣನ್ನು ಲಟಕ್ಕನೆ ತಿರುಹಿ ನೆಟಿಕೆ ತೆಗೆಸಿಕೊಳ್ಳುವ ರೂಢಿಯನ್ನು ದಯವಿಟ್ಟು ಬಿಡಿ, ಮಣಿಗಳ ರಂಧ್ರಗಳ ಮೂಲಕ ಮಿದುಳಿಗೆ ಏರುವ ರಕ್ತನಾಳವು ಆ ತಿರುವಿನಲ್ಲಿ ಹರಿದು ಪಾರ್ಶ್ವವಾಯುವಾದ ನಿದರ್ಶನಗಳುಂಟು.

ವಯಸ್ಸಿನ ಗುರುತು ರೋಗವಾಗುವುದು ಯಾವಾಗ? ಎಲುಬಿನ ತುಟಿಯು ಪಕ್ಕಕ್ಕೆ ಬೆಳೆದು ನರದ ಬುಡವನ್ನೊತ್ತಿದರೆ ತೋಳಿನುದ್ದಕ್ಕೂ ನೋವು ಸೆಳೆಯುವುದು. ಆರನೆಯ ನರವಾದರೆ ಹೆಬ್ಬೆರಳಿನತ್ತ, ಏಳನೆಯದಾದರೆ ನಡುಬೆರಳಿನತ್ತ. ಇದು ಯಾತನೆಯದಾದರೂ ಸಾಮಾನ್ಯವಾಗಿ ಗುಣವಾಗತಕ್ಕದ್ದು. ಬೆನ್ನುಹುರಿಯನ್ನೇ ಒತ್ತಿದಾಗಿನ ಕಥೆ ಬೇರೆ. ಹುರಿಯು ಹಾಯುವ ಓಣಿಯ ಮುಂದಿನಿಂದ ಹಿಂದಿನವರೆಗಿನ ಅಳತೆಯು ಕುತ್ತಿಗೆಯಲ್ಲಿ ಸಾಧಾರಣವಾಗಿ 17 ಮಿಲಿಮೀಟರಿನಷ್ಟು. ಹುಟ್ಟಿನಿಂದಲೇ ಅದು 13ಕ್ಕಿಂತ ಕಡಿಮೆಯಿದ್ದವರಲ್ಲಿ ಮುಪ್ಪಿನ ಬೆಳವಣಿಗೆಯು ಸೇರಿದಾಗ ಹುರಿಗೆ ಎಡೆಯೇ ಉಳಿಯದು. ಆಗ ಬರುವ ಕುಂದಿನಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ, ಅದೇ ಅದರ ವಂಚನೆ. ನೋವಿದ್ದವರು ವೈದ್ಯರ ಬಳಿಗೆ ಓಡುವರು. ನೋವಿಲ್ಲದವರು "ವಯಸ್ಸಾತು, ಕೈಯಾಗ ಹಿಡಿತಾನ ಇಲ್ಲ" ಎಂದು ಮೂಲೆಯಲ್ಲಿ ಕೂರುವರು. ರವಿಕೆಯ ಗುಂಡಿ ಹಾಕಲು ಬಾರದಾಗುವುದು, ಸೂಜಿಗೆ ದಾರ ಪೋಣಿಸಲಾಗದಿರುವುದು, ನಡೆಯುವಾಗ ಕಾಲು ಬಿಗಿದು ತೊಡರುವುದು, ಮೂತ್ರದ ಹಿಡಿತ ತಪ್ಪುವುದು, ಇವು ಮುಪ್ಪಿನ ಪಾಲಿಗೆ ಬರೆದು ಮರೆಯತಕ್ಕ ಚಿಹ್ನೆಗಳಲ್ಲ. ಜಪಾನಿನ ಓನೋ ಎಂಬ ವೈದ್ಯರು 1987ರಲ್ಲಿ ಸೂಚಿಸಿದ ಒಂದು ಪರೀಕ್ಷೆಯು ಯಂತ್ರವಿಲ್ಲದೆ, ಹಣವಿಲ್ಲದೆ, ಅಡಿಗೆಮನೆಯಲ್ಲಿಯೇ ಆಗುವಂತಹುದು: ಮುಷ್ಟಿಯನ್ನು ಪೂರ್ತಿ ಮುಚ್ಚಿ ಪೂರ್ತಿ ಬಿಚ್ಚುವುದನ್ನು ಹತ್ತು ಸೆಕೆಂಡುಗಳಲ್ಲಿ ಎಷ್ಟು ಸಲ ಮಾಡಬಲ್ಲರೆಂದು ಎಣಿಸುವುದು. ಸ್ವಸ್ಥರಾದವರು ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಸಲ ಮಾಡುವರು. ಎಣಿಕೆ ಕಡಿಮೆಯಾದ ಮಾತ್ರಕ್ಕೆ ರೋಗವೇ ನಿಶ್ಚಯವೆಂದಲ್ಲ, ಸಂಧಿವಾತದಿಂದಲೂ ಹಾಗಾಗಬಹುದು. ವೈದ್ಯರಿಗೆ ತೋರಿಸಬೇಕೆಂಬುದು ಮಾತ್ರ ನಿಶ್ಚಯ. ಏಕೆಂದರೆ ಒತ್ತಡವು ಹುರಿಯನ್ನು ಬಹುಕಾಲ ಹಿಂಡಿದ ಮೇಲೆ ಶಸ್ತ್ರವೈದ್ಯರು ಹೋದ ಬಲವನ್ನು ಪೂರ್ತಿಯಾಗಿ ಮರಳಿಸಲಾರರು. ಬೇಗ ಬಂದರೆ ಇದ್ದುದನ್ನು ಉಳಿಸಬಲ್ಲರು.

ತಂಬೂರದಲ್ಲಿಯೂ ನಮ್ಮ ನಾಡಿನ ಇತರ ಊರುಗಳಲ್ಲಿಯೂ ಈ ಮಾತನ್ನು ಕೇಳುತ್ತಿರುವ ತರುಣರೇ, ನಿಮ್ಮ ತಾಯಿ, ಅಜ್ಜಿ, ಅತ್ತೆ ನಾಳೆ ಮುಂಜಾನೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವಾಗ ಅವರ ಕೈಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಮೊದಲು ದುಂಡಗೆ ತೆಳ್ಳಗೆ ಬರುತ್ತಿದ್ದ ರೊಟ್ಟಿಯ ಅಂಚು ಈಗೀಗ ಹರಿಯುತ್ತಿದ್ದರೆ, ಬೆರಳುಗಳು ತಾವಿಟ್ಟ ಕಡೆ ನಿಲ್ಲದಿದ್ದರೆ, ಅವರನ್ನು ಎದುರಿಗೆ ಕೂರಿಸಿಕೊಂಡು ಹತ್ತು ಸೆಕೆಂಡುಗಳಲ್ಲಿ ಮುಷ್ಟಿಯನ್ನು ಮುಚ್ಚಿ ಬಿಚ್ಚುವುದನ್ನು ಎಣಿಸಿ. ಎಣಿಕೆ ಇಪ್ಪತ್ತನ್ನು ಮುಟ್ಟದಿದ್ದರೆ ಸಂತೆಯ ದಿನಕ್ಕೆ ಕಾಯದೆ ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.